ಬಾಕಿ ಎಷ್ಟಿದೆ

ಕ್ರಿಸ್‌ಮಸ್ ಕಳೆದ ಮೂರನೆಯ ದಿನ.
ಬ್ರಿಡ್ಜ್‌ವಾಟರ್ ಪೇಟೆ, ಲಹೇವ್ ನದಿಯ ಅಂಚಿಗೆ ತೆಳ್ಳನೆ ಮಂಜುಗಡ್ಡೆ,
ನಮ್ಮಂಗಡಿಯ ಬಾಗಿಲಿಂದ ಕಾರು ನಿಲ್ಲಿಸುವ ಬಯಲಿನ ತನಕ ಸಾಲು.
ಪ್ರತಿ ಕಂಕುಳಲ್ಲೂ ಒಂದು ಡಬ್ಬ,
ಡಬ್ಬದ ಮೂಲೆಯಲ್ಲಿ ಟೇಪಿಗೆ ಅಂಟಿಯೇ ಉಳಿದ
ಬಣ್ಣದ ಕಾಗದದ ಚೂರು.

ದಾನ ಕೊಟ್ಟ ಹಸುವಿನ ಹಲ್ಲೆಣಿಸಬಾರದಂತೆ.
ನನಗೆ ಸಂಬಳ ಕೊಡುವುದೇ ಹಲ್ಲೆಣಿಸಲಿಕ್ಕೆ.
ಮುಚ್ಚಳ ಬಿಚ್ಚು, ವೈರು ಎಳೆದು ನೋಡು,
ರಸೀದಿ ಇದ್ದರೆ ದುಡ್ಡು,
ಇಲ್ಲದಿದ್ದರೆ ಅಂಗಡಿಯ ಕಾರ್ಡು,
ಅದೂ ಇವತ್ತಿನ ರಿಯಾಯಿತಿ ದರಕ್ಕೆ.
ತೊಂಬತ್ತರ ಬೂಟಿಗೆ ಮೂವತ್ತೊಂದು ಡಾಲರು ಅಂದೆ.
"ನಮ್ಮತ್ತಿಗೆ ಮೂವತ್ತೊಂದರ ಹೆಂಗಸಲ್ಲ!"
ಜಗಳಕ್ಕೆ ನಿಂತವಳು ಒಂದು ಗಳಿಗೆ ತಡೆದು
"ಇದ್ದರೂ ಇದ್ದಾಳು" ಎಂದು
ಕಾರ್ಡು ಇಸಕೊಂಡು ಹೋದಳು.

ಎರಡೂವರೆಗೆ ಎಲ್ವಿನ್ ಹಿಮ್ಮೆಲ್ಮನ್.
ಚಿಪ್ಪುಮೀನಿನ ದೋಣಿಯಲ್ಲಿ ಮೂವತ್ತೆಂಟು ವರ್ಷ,
ಅಷ್ಟೇ ವಯಸ್ಸಿನ ಗಡ್ಡ,
ಉಪ್ಪುಗಾಳಿಗೆ ಹುರಿಗಟ್ಟಿದ ಹಳೆ ಹಗ್ಗದ ಹಾಗೆ.
ಮೇಜಿನ ಮೇಲಿಟ್ಟದ್ದು ಶೇವರ್.
ನಾನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತೇನೋ.

"ಕೋಲ್ಬಿ ಕೊಟ್ಟದ್ದು. ಹೆಂಡತಿಯ ಮಗ.
ಟೈರು ಕಾರ್ಖಾನೆಗೆ ಸೇರಿ ತಿಂಗಳಾಗಿಲ್ಲ."
ಅಷ್ಟು ಹೇಳಿ ಕೈಗವಸು ಕಳಚಿದ, ಮತ್ತೆ ಹಾಕಿಕೊಂಡ.
"ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೇವೆ.
ಏನಾದರೂ ಕೊಟ್ಟದ್ದು ಇದೇ ಮೊದಲು."

ರಸೀದಿ ಇತ್ತು. ದುಡ್ಡೇ ಬರುತ್ತದೆ ಎಂದೆ,
ಆದರೆ ಯಾವ ಕಾರ್ಡಿಂದ ಹೋಯಿತೋ ಅದೇ ಕಾರ್ಡಿಗೆ.
"ಅಂದರೆ ಅವನಿಗೆ?"
ಅವನಿಗೆ. ಫೋನು ಟಿಣ್ಣೆನ್ನುತ್ತದೆ,
ಅಂಗಡಿಯ ಹೆಸರು, ಮೊತ್ತ, ಹೊತ್ತು, ಎಲ್ಲ ಸಮೇತ.

ಹಿಂದೆ ಯಾರದೋ ಕೂಸು ಚೀರುತ್ತಿತ್ತು.
ಅರ್ಧ ವಾರದ ಕೂಲಿ ಹುಡುಗನಿಗೆ ಮರಳುವುದು ನ್ಯಾಯ,
ಟಿಣ್ಣೆನ್ನುವುದು ಅನ್ಯಾಯ.
ಎರಡನ್ನೂ ತೂಗುತ್ತ ನಿಂತ,
ಇನ್ನೂ ಅಳೆಯದ ಮೀನನ್ನು ಹಿಡಿದವನ ಹಾಗೆ.
"ಕ್ರೆಡಿಟ್ಟೇ ಕೊಡು" ಅಂದ ಕೊನೆಗೆ.

ಡಬ್ಬ ಬಿಚ್ಚಿದೆ. ಬಿಚ್ಚಲೇಬೇಕು.
ಅಲಗಿನ ಬಲೆಯೊಳಗೆ ನಾಲ್ಕೈದು ಕೂದಲು,
ಬೂದು ಬಣ್ಣ, ಸುರುಳಿ.
ಬಳಸಿದ ಶೇವರ್ ವಾಪಸಿಲ್ಲ:
ನನ್ನ ತಲೆಯ ಮೇಲೇ ಕೆಂಪಕ್ಷರದ ಹಲಗೆ.
ಕತ್ತೆತ್ತಿ ನೋಡಿದೆ.
ಅವನು ಮಫ್ಲರನ್ನು ಎಡಗಿವಿಗೆ ಎಳೆದುಕೊಂಡ,
ಅಷ್ಟರೊಳಗೇ ಕಂಡಿತ್ತು
ಕಿವಿಯ ಕೆಳಗೆ ನಾಣ್ಯದಗಲ ಬೋಳು,
ಮೂವತ್ತೆಂಟು ವರ್ಷ ಬಿಸಿಲು ಕಾಣದ ಚರ್ಮ,
ಎಳೆಗೂಸಿನದರ ಹಾಗೆ ಕೆಂಪಗೆ.

ಸೀನು ಬಂದವಳಂತೆ ಆ ಕಡೆ ತಿರುಗಿ
ಉಫ್ ಎಂದು ಊದಿದೆ.
"ತೆರೆದಿಲ್ಲ" ಎಂಬ ಮುದ್ರೆ ಒತ್ತಿದೆ.
ಮುದ್ರೆಯ ಶಾಯಿ ಒಣಗಿತ್ತು, ಇನ್ನೊಮ್ಮೆ ಒತ್ತಿದೆ.

ಅರವತ್ತನಾಲ್ಕು ಡಾಲರು ಎಪ್ಪತ್ತೊಂಬತ್ತು ಸೆಂಟಿನ ಕಾರ್ಡು.
ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದ.
ಇದಕ್ಕೆ ಅವಧಿಯಿಲ್ಲ ಎಂದೆ.
"ನನಗಿದೆಯಲ್ಲ" ಎಂದು ನಕ್ಕು
ಅಂಗಡಿಯ ಸಾಲು ಸಾಲಲ್ಲಿ ಒಂದು ಗಂಟೆ ಅಲೆದ,
ಸುತ್ತಿಗೆ ಎತ್ತಿ ಇಟ್ಟ, ಟಾರ್ಚು ಹೊತ್ತಿಸಿ ಆರಿಸಿದ,
ಬರಿಗೈಯಲ್ಲಿ ಹೋದ.

ಮಾರ್ಚಿನಲ್ಲಿ ಮತ್ತೆ ಬಂದ.
ಬೋಳು ಮುಚ್ಚಿತ್ತು, ಅಲ್ಲಿ ಮಾತ್ರ ಕೂದಲು
ಉಳಿದದ್ದಕ್ಕಿಂತ ಬೆಳ್ಳಗೆ, ಮೆತ್ತಗೆ.
ಏನು ಬೇಕಿತ್ತು ಎಂದೆ. ಏನೂ ಇಲ್ಲ,
ಬಾಕಿ ಎಷ್ಟಿದೆ ನೋಡು, ಎಂದ.
ಕಾರ್ಡು ಉಜ್ಜಿದೆ. ಅರವತ್ತನಾಲ್ಕು, ಎಪ್ಪತ್ತೊಂಬತ್ತು.

"ಹುಡುಗ ಕೊಟ್ಟದ್ದು ಹಾಗೇ ಇದೆ ಅನ್ನು."
ಹಾಗೇ ಇದೆ ಎಂದೆ.
ಕಾರ್ಡನ್ನು ಒಳಗಿನ ಜೇಬಿಗೆ ಇಳಿಸಿ
ಮೇಲಿನಿಂದ ಎರಡು ಸಲ ತಟ್ಟಿಕೊಂಡ.
ಸಾಲಿನಲ್ಲಿ ಮುಂದಿನವರು ಯಾರು ಎಂದು ನಾನು ಕೂಗಬೇಕಿತ್ತು.
ಯಾರೂ ಇರಲಿಲ್ಲ.