ಬುರುಡೆಯಷ್ಟಗಲದ ತೂತು

ನದಿಯ ಮೂಲ ಕೇಳಬಾರದಂತೆ, ಋಷಿಯದೂ.
ಕಾರಿನದನ್ನು ಕೇಳುವುದೇ ನನ್ನ ಕಸುಬು.
ಮೊಂತೆವಿದೆಯೊ ಬಂದರಿನ ಹಿಂದೆ, ಉಪ್ಪುಗಾಳಿಗೆ
ಬಾಗಿಲು ಊದಿಕೊಳ್ಳುವ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷದಿಂದ
ಹಳೆ ಕಾರುಗಳ ಮೇಲೆ ಕೂತ ಕಾಲವನ್ನು ಕೆರೆದು ತೆಗೆಯುತ್ತೇನೆ.
ಬೋಲ್ಟಿನ ತಲೆಗೆ ಮೂಲೆ ನಾಲ್ಕೋ ಆರೋ,
ಅಂಚಿನ ಗೆರೆ ಹಳದಿಯೋ ಕೆನೆಯೋ,
ಕೈಪಿಡಿ ಹೇಳಿದ್ದೇ ವೇದವಾಕ್ಯ.

ಈ ಫೋರ್ಡು ಬಂದದ್ದು ತಾಕ್ವಾರೆಂಬೊ ಕಡೆಯಿಂದ,
ಲಾರಿಯ ಬೆನ್ನ ಮೇಲೆ.
ಜೊತೆಗೇ ಬಂದ ಎಲ್ಬಿಯೊ ಸಾರಸೋಲ,
ಮಾರಿದ ಹಸುವಿನ ಹಗ್ಗ ಬಿಡಲಾರದವನ ಹಾಗೆ
ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ನಿಂತ.
ಆ ಹಿಡಿ ಒಂದು ಫ್ರಿಜ್ಜಿನದು.

ಹಿಂದಿನ ಸೀಟನ್ನು ಇವನಪ್ಪ ಗರಗಸ ಹಾಕಿ ಕೊಯ್ದಿದ್ದ,
ಉಣ್ಣೆಯ ಮೂಟೆ ಹೇರಲು ನೀಲಗಿರಿ ಹಲಗೆ ಜಡಿದಿದ್ದ.
ಗೇರ್‌ಬಾಕ್ಸು ಬೇರೆ ಕುಲದ್ದು; ಸಂಸಾರ ಮಾತ್ರ ಗಟ್ಟಿ.
ಬಲಗಣ್ಣು ಹುಟ್ಟಿನದು, ಎಡಗಣ್ಣು ಟ್ರ್ಯಾಕ್ಟರಿನದು,
ಹಾಗಾಗಿ ರಾತ್ರಿ ಹೊತ್ತು ಅದು
ದಾರಿಯ ಒಂದು ಮಗ್ಗುಲನ್ನು ನಂಬುತ್ತಿತ್ತು,
ಇನ್ನೊಂದನ್ನು ದುರುಗುಟ್ಟಿ ನೋಡುತ್ತಿತ್ತು.

ಮತ್ತೆ, ಡ್ಯಾಶ್‌ಬೋರ್ಡಿನಲ್ಲಿ, ವೇಗದ ಮುಳ್ಳಿನ ಪಕ್ಕ,
ಗುಂಡಗೆ ಕೊರೆದ ಒಂದು ತೂತು:
ಯೆರ್ಬಾ ಕಷಾಯದ ಸೋರೆಬುರುಡೆ ಕೂರಲಿಕ್ಕೆ.
ಕಲ್ಲುದಾರಿಯಲ್ಲೂ ಒಂದು ಹನಿ ತುಳುಕುತ್ತಿರಲಿಲ್ಲವಂತೆ.
ತಗಡಿನಂಚು ಕೈ ಕೊಯ್ಯದಿರಲೆಂದು ಸುತ್ತ ಕುರಿದೊಗಲು ಹೊಲಿದವಳು
ಅವನವ್ವ, ಬ್ಲಸೀನಾ.

ಕೊಂಡವನು ರೋಟರ್‌ಡ್ಯಾಮಿನ ದಂತವೈದ್ಯ.
ಪತ್ರದಲ್ಲಿ ಒಂದೇ ಸಾಲು:
ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದ ಹಾಗೆ.
ಒಂದು ದಿನ.
ಇಷ್ಟು ವರ್ಷಗಳ ರಾಶಿಯಲ್ಲಿ ಆ ಒಂದು,
ಯಾರೂ ಇನ್ನೂ ಹತ್ತಿ ಕೂತಿರದ ದಿನ.

ನನ್ನ ಕಣ್ಣೇನೂ ಒದ್ದೆಯಾಗಲಿಲ್ಲ.
ಆ ಮಡ್‌ಗಾರ್ಡಿನ ಬಳುಕನ್ನು
ಮೊದಲು ಕಾಗದದ ಮೇಲೆ ಎಳೆದವನಿಗೂ ಒಂದು ಕೈಯಿತ್ತಲ್ಲ,
ಗರಗಸ ಬಿದ್ದದ್ದು ಅದರ ಮೇಲೂ.
ಇಂಥದೇ ಒಂದರ ಹೊಟ್ಟೆಗೆ ನೇರಳೆ ದೀಪ ಕಟ್ಟಿ
ಬಾನೆಟ್ಟಿಗೆ ಬೆಂಕಿ ಬಳಿದ ಹುಡುಗರನ್ನು
ಕಡಲದಂಡೆಯಲ್ಲಿ ಕಂಡು
ಮನೆಗೆ ಹೋಗಿ ಉಣ್ಣದೆ ಮಲಗಿದವನು ನಾನು.

ಬಿಚ್ಚಿದೆ. ಹಲಗೆ, ಹಿಡಿ, ಎಡಗಣ್ಣು.
ಬಾಗಿಲನ್ನು ಉಜ್ಜಿದಂತೆ ನೀಲಿ, ನೀಲಿಯಡಿ ಬಿಳಿ,
ಬಿಳಿಯಡಿ ಮನೆಕಿಟಕಿಗೆ ಬಳಿದು ಉಳಿದಿದ್ದ ಹಸಿರು,
ತಳದಲ್ಲಿ ಕಪ್ಪು.
ಕಾಲ್ಗೆಳಗಿನ ಹಲಗೆ ಎತ್ತಿದರೆ ಅದರ ಬೆನ್ನ ಮೇಲೆ
ತಲೆಕೆಳಗಾದ ಅಕ್ಷರ: ಈ ಬದಿ ಮೇಲಿರಲಿ.
ಹಡಗಿನಲ್ಲಿ ಬಂದ ಪೆಟ್ಟಿಗೆಯ ಮರ!
ಯಾವನೋ ಜೋಡಿಸುವವನು, ಹಲಗೆ ಸಾಲದೆ,
ಕೈಗೆ ಸಿಕ್ಕಿದ್ದನ್ನು ಬಡಿದು ಕಳಿಸಿದ್ದಾನೆ,
ಅದೇ ದಿನ. ಆ ಒಂದು ದಿನ.
ಕೈಪಿಡಿಯ ಎಲ್ಲ ಪುಟ ಮಗುಚಿದೆ. ಇಲ್ಲ.
ಅದನ್ನು ಇದ್ದಲ್ಲೇ ಇಟ್ಟು ಮೇಲೆ ರಬ್ಬರು ಹಾಸಿದೆ.
ದಂತವೈದ್ಯನಿಗೆ ಬರೆಯಲಿಲ್ಲ.

ತೂತಿಗೆ ತಗಡು ಕೂರಿಸಿ ಬೆಸೆದೆ, ಅರೆದೆ,
ಏಳು ಸಲ ಬಣ್ಣ ಕುಡಿಸಿದೆ.
ಕಣ್ಣಿಗೆ ಏನೂ ಕಾಣದು.
ಬೆರಳು ಮಾತ್ರ ಹೋಗಿ ಹೋಗಿ ಅಲ್ಲೇ ನಿಲ್ಲುತ್ತದೆ
ತುಂಬಿಸಿದ ಹಲ್ಲನ್ನು ನಾಲಿಗೆ ತಡವುವ ಹಾಗೆ.
ಅವನಿಗದು ತಿಳಿದೀತು.

ಹಡಗು ಹೊರಡುವ ಮುನ್ನಾದಿನ ಎಲ್ಬಿಯೊ ಬಂದ.
ಬಿಚ್ಚಿದ್ದೆಲ್ಲ ಒಂದು ಡಬ್ಬದಲ್ಲಿ ಎತ್ತಿಟ್ಟಿದ್ದೆ.
ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟ,
ಪೂರ್ತಿ ಲೆಕ್ಕ ತೆಗೆದುಕೊಳ್ಳುವವನ ಹಾಗೆ:
ಫ್ರಿಜ್ಜಿನ ಹಿಡಿ. ದೀಪ. ಮೊಳೆ ಸಹಿತ ಹಲಗೆ.
ಕೊನೆಗೆ ಕುರಿದೊಗಲಿನ ಆ ಬಳೆ.
ಅದನ್ನು ಕಣ್ಣೆತ್ತರಕ್ಕೆ ಹಿಡಿದು
ಅದರೊಳಗಿಂದ ನನ್ನನ್ನು ನೋಡಿ ಕೇಳಿದ:

ಇದರ ನಡುವಿನದ್ದು ಎಲ್ಲಿ?