ಅರ್ಧ ಇಂಚು

ಹಂಪನಕಟ್ಟೆಯ ಓಣಿಯೊಳಗೆ, ಬೀಡಿ ಡಿಪೋದ ಪಕ್ಕ
ನನ್ನ ಫ್ರೇಮಿನ ಅಂಗಡಿ. ಜೂನ್ ಬಂದರೆ ಗಾಜು ಬೆವರುತ್ತದೆ.
ಆ ಚಿತ್ರ ತಂದಿಟ್ಟ ಹುಡುಗ ಮುಂಗಡ ನೂರು ಕೊಟ್ಟು
ಹೆಸರು ಬರೆಸಿ ಹೋದವ: ಸಿಪ್ರಿಯಾನ್ ಲಸ್ರಾದೊ.
ಮತ್ತೆ ಬಂದಿಲ್ಲ.

ಸ್ಟೂಲಿನ ಮೇಲೊಬ್ಬಳು ಹೆಂಗಸು. ಮುಖ ಹಸಿರು,
ಬಂಗುಡೆಯ ಬೆನ್ನಿನ ಹಸಿರು.
ಕೈಗಳು ಬೇಕಾದ್ದಕ್ಕಿಂತ ದೊಡ್ಡವು, ಮಡಿಲಲ್ಲಿ
ಯಾರದ್ದೋ ಮಗುವಿನ ಹಾಗೆ ಮಲಗಿವೆ.
ಬಾಯಿಯ ಜಾಗದಲ್ಲಿ ಒಂದೇ ಗೀರು, ಚಾಕುವಿನದು.
ಹಿಂದೆ ಕೆಂಪು ಗೋಡೆ; ಬಣ್ಣ ಇಳಿದಿಳಿದು
ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಶುರುವೋ ತಿಳಿಯದು.

"ವಿಧವೆ ಇರಬೇಕು" ಎಂದರು ಉಪೇಂದ್ರ ಭಕ್ತರು.
ಅವರ ಕಂಕುಳಲ್ಲಿ ಹಿರಿದು ಮಾಡಿಸಿದ ಹೆಂಡತಿಯ ಫೋಟೊ.
ಲ್ಯಾಮಿನೇಶನ್ನಿಗೆ ಬಂದ ಸಫ್ರೀನಾ
"ಸಿಟ್ಟು ಸರ್ ಇದು, ಬಾಯಿ ಕೊಟ್ಟಿಲ್ಲ ಅಷ್ಟೆ" ಎಂದಳು.
ನಾನು ಅಳತೆಯವ.
ದುಃಖ, ಹದಿನೆಂಟಕ್ಕೆ ಇಪ್ಪತ್ತನಾಲ್ಕು
ಎಂದು ಚೀಟಿಯಲ್ಲಿ ಬರೆದುಕೊಂಡೆ.
ಕೆಳಗಿನ ಅಂಚು ಗಲೀಜು. ಮೌಂಟಿನಡಿ
ಅರ್ಧ ಇಂಚು ಮುಚ್ಚಿದರೆ ನೀಟಾಗುತ್ತದೆ.

ಶನಿವಾರ ಧಕ್ಕೆಯಿಂದ ಸೇಸಕ್ಕ ಬಂದಳು,
ಖಾಲಿ ಬುಟ್ಟಿ ಸೊಂಟಕ್ಕೆ, ಐನೂರರ ನೋಟಿಗೆ ಚಿಲ್ಲರೆ ಬೇಕಂತೆ.
ಬಾಗಿಲಲ್ಲೇ ನಿಂತು ನೋಡಿದಳು. ಮುಖ ನೋಡಲಿಲ್ಲ,
ಕಾಲು ನೋಡಿದಳು.
"ಉಂದು ಕುಲ್ಲುನಿ ಅತ್ತ್, ಲಕ್ಕುನಿ."
ಕುಳಿತದ್ದಲ್ಲ ಇದು, ಏಳುವುದು.

ಬಗ್ಗಿದೆ. ನಾನು ಗಲೀಜೆಂದುಕೊಂಡ ಕೆಂಪಿನೊಳಗೆ
ಎಡ ಹಿಮ್ಮಡಿ, ಅಕ್ಕಿಕಾಳಿನಷ್ಟು ಮೇಲೆ.
ಅದರಡಿ ಒಂದೆಳೆ ನೆರಳು.
ಬೆಳಗಿನ ನಾಲ್ಕಕ್ಕೆ ಮೊದಲು ಏಳುವುದು ಹಿಮ್ಮಡಿಯಂತೆ,
ಮೈ ಏಳುವುದು ಆಮೇಲೆ.
ಮನಸ್ಸು?
"ಅದಕ್ಕೆ ಪುರುಸೊತ್ತಾದಾಗ" ಎಂದು
ಚಿಲ್ಲರೆ ಎರಡು ಸಲ ಎಣಿಸಿಕೊಂಡು ಹೋದಳು.

ಈಗ ಆ ಕೈಗಳೇ ಬೇರೆ. ಮಲಗಿಲ್ಲ, ತೊಡೆಗೆ ಊರಿವೆ.
ಬಾಯಿಯ ಗೀರು
ಹಲ್ಲು ಕಚ್ಚಿದ್ದಿರಬಹುದು, ನಗೆ ತಡೆದದ್ದೂ.
ಭಕ್ತರದ್ದು ಸುಳ್ಳೆನ್ನಲಾರೆ, ಆ ಹುಡುಗಿಯದ್ದೂ.
ಎದ್ದು ಹೊರಟವಳ ಹತ್ತಿರ ಎರಡೂ ಇದ್ದೀತು.

ಕತ್ತರಿಸಿಟ್ಟ ಮೌಂಟು ಅಟ್ಟಕ್ಕೆ ಎಸೆದೆ.
ಹೊಸ ಬೋರ್ಡು, ನನ್ನದೇ ಖರ್ಚು.
ಮೂವತ್ತೊಂದು ವರ್ಷ. ಎಷ್ಟು ಹಿಮ್ಮಡಿ ಮುಚ್ಚಿದೆನೋ
ನೀಟಾಗಲೆಂದು.

ಸಿಪ್ರಿಯಾನ್ ಬಂದರೆ ಕೇಳಬೇಕು,
ಯಾರಿವಳು, ಎಲ್ಲಿಗೆ ಎಂದು.
ಬೇಡ.
ಬಾಕಿ ನಾನೂರೈವತ್ತು. ಅಷ್ಟೇ ಕೇಳುತ್ತೇನೆ.