ಅಕ್ಷರಕ್ಕೆ ನಲವತ್ತು

ಅಕ್ಷರಕ್ಕೆ ನಲವತ್ತು ರೂಪಾಯಿ.
ಚುಕ್ಕಿ, ಗೀಟು, ಶಿಲುಬೆ ಬಿಟ್ಟಿ.
ಮಡಗಾಂವದ ಹಳೇ ಸ್ಟೇಷನ್ ರಸ್ತೆಯಲ್ಲಿ
ಈ ತಗಡಿನ ಚಪ್ಪರದ ಕೆಳಗೆ
ಇಪ್ಪತ್ತೆರಡು ವರ್ಷ ಸತ್ತವರ ಹೆಸರು ಕೆತ್ತಿದ್ದೇನೆ.
ಹೆಸರಿನವಳೇ ಬಂದು ಎದುರಿಗೆ ಕೂತದ್ದು
ಇದೇ ಮೊದಲು.

ಚಾಂದರ್ ಬಸ್ಸಿಳಿದು ಬಂದಿದ್ದಳು,
ಕೊಡೆಯನ್ನೇ ಊರುಗೋಲು ಮಾಡಿಕೊಂಡು.
"ಎಲುಬಿನ ಗೂಡಿಗೆ ಒಂದು ಕಲ್ಲು. ನನಗೇ.
ಹುಟ್ಟಿದ ಇಸವಿ ಹಾಕು, ಒಂದು ಗೀಟು ಎಳೆ,
ಆಚೆ ಖಾಲಿ ಬಿಡು."
ಕಪ್ಪು ಬೇಡವೆಂದಳು. ಮೂಲೆಯಲ್ಲಿ ಒರಗಿದ್ದ
ನಮ್ಮ ಇಳಕಲ್ಲಿನ ಕೆಂಪು ತುಂಡಿಗೆ ಬೆರಳು ತೋರಿದಳು.

ಚೀಟಿಯಲ್ಲಿ ಆರು ಇಂಗ್ಲಿಷ್ ಅಕ್ಷರ:
ವೈ ವಿ ಇ ಟಿ ಟಿ ಇ.
ಇವೆಟ್.
"ಈ ಕಡೀ ಇ ಯಾತಕ್ಕ್ರೀ ಬಾಯಿ?
ಅನ್ನೂದಿಲ್ಲ, ಕೇಳೂದಿಲ್ಲ.
ತಗದ್ರ ನಲವತ್ತು ಉಳೀತಾವು."
"ಫ್ರೆಂಚರ ಹೆಸರಪ್ಪ. ಅವರ ಪಂಕ್ತಿಯಲ್ಲಿ
ಮಾತಾಡದವರಿಗೂ ಎಲೆ ಹಾಕುತ್ತಾರೆ."

ಅವಳಪ್ಪ ಹಡಗಿನ ಅಡಿಗೆಯವ.
ಮಾರ್ಸೇಲ್ ಬಂದರಿನಲ್ಲಿ ಬ್ರೆಡ್ಡು ತರಲು ಇಳಿದಾಗ
ಮೀನುದೋಣಿಯೊಂದರ ಮೂತಿಯ ಮೇಲೆ
ನೀಲಿ ಬಣ್ಣದಲ್ಲಿ ಬರೆದಿತ್ತಂತೆ.
ಮಗಳು ಹುಟ್ಟಿದಾಗ ಅದೇ ಬಾಯಿಗೆ ಬಂತು.
ಅವ್ವ ಏನೂ ಕೇಳಲಿಲ್ಲ.
ನಲವತ್ತು ವರ್ಷ ಕಳೆದ ಮೇಲೆ, ಅಪ್ಪನ ತಿಥಿಯ ದಿನ,
ಮೀನು ಹೆಚ್ಚುತ್ತ ಅಂದಳಂತೆ:
"ದೋಣಿಗೂ ಆ ಹೆಸರು ಯಾರದ್ದೋ ಇರಬೇಕಲ್ಲ."

ಅರ್ಥ?
ಪಣಜಿಯಲ್ಲಿ ಫ್ರೆಂಚು ಕಲಿಸುವ ತಂಗಿಯ ಮಗಳು ಹೇಳಿದಳು:
ಅದೊಂದು ಮರ. ಕೆಂಪು ತೊಗಟೆ, ಕೆಂಪು ಹಣ್ಣು.
ಚಳಿಗಾಲಕ್ಕೂ ಎಲೆ ಉದುರಿಸದು.
ಬಾಗಿಸಿದರೆ ಮುರಿಯದು, ಅದಕ್ಕೇ ಹಿಂದಿನವರು
ಬಿಲ್ಲು ಮಾಡುತ್ತಿದ್ದರು.
ಈಗ ಇಗರ್ಜಿಯ ಗೋರಿಗಳ ನಡುವೆ ನಿಂತಿರುತ್ತದೆ, ಸುಮ್ಮನೆ.
"ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?"
ನಮ್ಮ ಸೀಮ್ಯಾಗ ಇಲ್ರಿ ಅದು.
ಕಾಣದ ಮರಕ್ಕೆ ಹೆಸರು ಎಲ್ಲಿಂದ ತರಲಿ?

ಒಂದು ಕಾಲಕ್ಕೆ ಆ ದೇಶದ ಓಣಿಗೊಬ್ಬಳು ಇವೆಟ್.
ಈಗ ಕೂಗಿದರೆ ಅಜ್ಜಿಯರಷ್ಟೇ ತಿರುಗುತ್ತಾರೆ.
ಚಾಂದರಿನಲ್ಲಿ ಇವಳಾದ ಮೇಲೆ ಮತ್ತಿಬ್ಬರು,
ಇವಳ ಅಪ್ಪ ತಂದ ಹೆಸರು ಬೇಲಿ ಹಾರಿ ಹೋಗಿ.
ದೊಡ್ಡ ಇವೆಟ್, ಕೆಂಚಿ ಇವೆಟ್, ಬಾವಿಮನೆ ಇವೆಟ್.
ದೊಡ್ಡವಳು ಕೆನಡಾದಲ್ಲಿ. ಕೆಂಚಿ ಹೋದಳು, ಹೋದ ಲೆಂಟಿನಲ್ಲಿ.
"ಬಾವಿಯನ್ನೂ ಈಗ ಮುಚ್ಚಿಸಿದ್ದೇವೆ."

ರೇಷನ್ ಕಾರ್ಡಿನಲ್ಲಿ ಇವಾಟ್.
ಗ್ಯಾಸಿನ ಪುಸ್ತಕದಲ್ಲಿ ವೈವೆಟ್ಟಿ.
ಮತದಾರರ ಪಟ್ಟಿಯಲ್ಲಿ, ಯಾರ ಕೃಪೆಯೋ, ಯುವತಿ.
ಎಪ್ಪತ್ತಾರನೆಯ ವಯಸ್ಸಿನಲ್ಲಿ
ಬೂತಿನ ಹುಡುಗ ಕೂಗಿದ: "ಯುವತಿ ಕುಲಾಸೊ!"
ಸಾಲಿಗೆ ಸಾಲೇ ತಿರುಗಿ ನೋಡಿತು.
ಎದ್ದು ಹೋಗಿ ಬೆರಳೊಡ್ಡಿದಳು.
"ಅದೊಂದನ್ನು ಮಾತ್ರ ತಿದ್ದಿಸಲಿಲ್ಲ.
ಆದರೆ ಕಲ್ಲಿನಲ್ಲಿ ಸರಿಯಿರಲಿ."

"ನಿನ್ನ ಲಿಪಿಯಲ್ಲಿ ಎಷ್ಟಾಗುತ್ತದೆ?"
ಒಡೆದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದೆ,
ಇ, ವೆ, ಟ್ಟೆ. ಮೂರೇ.
ಎರಡನೆಯ ಟ ಮೊದಲಿನದರ ಕಾಲಡಿ ಮುದುರಿ ಕೂತಿತು.
"ಅಗ್ಗ," ಎಂದಳು. "ಮಾತಾಡದವರು ಯಾರು ಇದರಲ್ಲಿ?"
ನಮ್ಮಲ್ಲಿ ಹಂಗಿಲ್ರಿ ಬಾಯಿ.
ಬರೆಸಿಕೊಂಡವರೆಲ್ಲ ಬಾಯಿ ಬಿಡಲೇಬೇಕು.
ಓದಿದೆ, ಕೊನೆಯದನ್ನೂ ನುಂಗದೆ:
ಇವೆಟ್ಟೆ.
"ಹ್ಞಾಂ," ಅಂದಳು, ಬೇರೆ ಯಾರೋ ಕರೆದ ಹಾಗೆ,
ರಸ್ತೆಯ ಕಡೆ ತಿರುಗಿ.

ಆರಕ್ಷರದ್ದೇ ದುಡ್ಡು ಕೊಟ್ಟು ಹೋದಳು.
ಗೀಟಿನ ಆಚೆಯ ನಾಲ್ಕು ಅಂಕಿಯ ಲೆಕ್ಕ
ನಾನೂ ಎತ್ತಲಿಲ್ಲ.

ಗುರುವಾರ ಬಂದಳು. ಕನ್ನಡಕ ಏರಿಸಿದಳು.
ಕಲ್ಲಿನ ಮೇಲೆ ಕೈಯಾಡಿಸಿ, ಮೊದಲಕ್ಷರದಲ್ಲಿ ನಿಂತು,
"ನೋಡಿಲ್ಲಿ, ಈ ಎಡಗಡೆಯ ಕೊಂಬೆ
ಒಂದಿಷ್ಟು ಗಿಡ್ಡಾಯಿತು."

ಹೌದು, ಆಗಿತ್ತು.
ಉಳಿ ತಗೊಂಡು ಬೆಳೆಸಿಕೊಟ್ಟೆ.